ಕೊನೆಯ ರೀಲು ಎಲ್ಲಿ?

ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ ಚಿನ್ನದ ಗಣಿಗಳ ಕಡೆಗೆ ಹೊರಟ ಪ್ರಯಾಣಿಕನಿಗೆ ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ನಿಲ್ದಾಣಗಳು ಒಂದರ ಹಿಂದೊಂದರಂತೆ ಎದುರಾಗುತ್ತವೆ. ಗಣಿಪ್ರದೇಶ ಸಮೀಪಿಸುತ್ತಿದ್ದಂತೆ ವಿಚಿತ್ರವಾದ ಗುಡ್ಡಗಳೂ ಕಣ್ಣಿಗೆ ಬೀಳುತ್ತವೆ. ಅವು ಪ್ರಕೃತಿ ನಿರ್ಮಿಸಿದ ಗುಡ್ಡಗಳಲ್ಲ. ಮೈಲುಗಟ್ಟಲೆ ಆಳದಿಂದ ಮೇಲೆ ತಂದ ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ನೆನೆಸಿ, ಚಿನ್ನವನ್ನು ಹೀರಿಕೊಂಡ ಮೇಲೆ ಉಳಿದ ಹುಡಿಯ ರಾಶಿಗಳವು. ಊರಿನವರು ಇವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. 2018ರಲ್ಲಿ ಈ ಊರಿನ ಹೆಸರನ್ನೇ ಹೊತ್ತ ಕನ್ನಡ ಚಿತ್ರವೊಂದು ದೇಶವನ್ನೆಲ್ಲ ಸುತ್ತಿಬಂದ ಮೇಲೆ, ಎಂದೂ ಇಲ್ಲಿಗೆ ಕಾಲಿಡದವರಿಗೂ ಈ ದಿಬ್ಬಗಳ ನೋಟ ಪರಿಚಿತವಾಯಿತು.

ಚಲಚ್ಚಿತ್ರಕ್ಕೂ ಚಿನ್ನದ ಗಣಿಗೂ ಇರುವ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಹಳೆಯ ಚಿತ್ರಗಳನ್ನು ಹುಡುಕಿ ಕೂಡಿಹಾಕುವವರ ಕತೆಯನ್ನು ಕೇಳಿದವರಿಗೆ ಈ ದಿಬ್ಬಗಳು ಇನ್ನೊಂದು ಅರ್ಥವನ್ನೂ ಹೇಳುತ್ತವೆ.

ಗಣಿಯ ಚಿನ್ನ, ಫಿಲ್ಮಿನ ಬೆಳ್ಳಿ

ಸಿನಿಮಾ ಪರದೆಯನ್ನು ಬೆಳ್ಳಿತೆರೆಯೆಂದು ಕರೆಯುವುದು ವಾಡಿಕೆ. ಆದರೆ ನಿಜವಾದ ಬೆಳ್ಳಿ ಇದ್ದುದು ತೆರೆಗಿಂತ ಹೆಚ್ಚಾಗಿ ಫಿಲ್ಮಿನಲ್ಲಿ. ಕಪ್ಪು ಬಿಳುಪು ಚಿತ್ರದಲ್ಲಿ ಕಾಣುವ ನೆರಳೆಲ್ಲವೂ ಬೆಳ್ಳಿಯ ಸೂಕ್ಷ್ಮ ಕಣಗಳೇ. ನಾಯಕಿಯ ಕಣ್ಣಿನ ಕಾಡಿಗೆ, ಕೊಲೆಗಾರನ ಕರಿಯ ಅಂಗಿ, ಬಾಗಿಲ ಸಂದಿಯ ಕತ್ತಲೆ ಎಲ್ಲವೂ ಬೆಳ್ಳಿಯೇ. ಚಿತ್ರದ ಓಟ ಮುಗಿದು, ಇನ್ನು ಅದರಿಂದ ಕಾಸು ಹುಟ್ಟದೆಂದು ತಿಳಿದಾಗ ವ್ಯಾಪಾರಿಗಳಿಗೆ ಈ ಬೆಳ್ಳಿಯ ನೆನಪಾಗುತ್ತಿತ್ತು. ಸುರುಳಿಗಳನ್ನು ತೂಕದ ಲೆಕ್ಕದಲ್ಲಿ ಮಾರುವುದು, ಕೊಂಡವರು ಅದರಿಂದ ಲೋಹವನ್ನು ಬೇರ್ಪಡಿಸಿಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ನಡೆದ ವ್ಯವಹಾರವೇ.

ಕೋಲಾರದಲ್ಲಿ ಕಲ್ಲನ್ನು ಕಳೆದು ಚಿನ್ನವನ್ನು ಉಳಿಸಿಕೊಂಡರು. ಸಿನಿಮಾ ಲೋಕದಲ್ಲಿ ಅದಕ್ಕೆ ತಿರುಗುಮುರುಗಾಗಿ ನಡೆಯಿತು. ಹಿಡಿ ಬೆಳ್ಳಿಗಾಗಿ ಚಿನ್ನದಂತಹ ಚಿತ್ರವನ್ನೇ ಕಳೆದರು.

ಬೆಳ್ಳಿಯ ಆಸೆಗೆ ಸಿಕ್ಕದೆ ಉಳಿದುದನ್ನು ಬೆಂಕಿ ತಿಂದಿತು. 1950ರ ಸುಮಾರಿನವರೆಗೂ ಚಿತ್ರಗೃಹಗಳ ಫಿಲ್ಮನ್ನು ನೈಟ್ರೇಟ್ ಎಂಬ ವಸ್ತುವಿನ ಮೇಲೆ ತಯಾರಿಸುತ್ತಿದ್ದರು. ಸಿಡಿಮದ್ದಿನ ಹತ್ತಿಗೂ ಇದಕ್ಕೂ ದಾಯಾದಿ ಸಂಬಂಧ. ಒಮ್ಮೆ ಹೊತ್ತಿತೆಂದರೆ ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಳಗಿನಿಂದಲೇ ಒದಗಿಸಿಕೊಳ್ಳುವುದರಿಂದ ನೀರು ಸುರಿದರೂ ಆರುವುದಿಲ್ಲ. ಬೆಂಕಿ ತಾಗದಿದ್ದರೂ ಸೆಕೆ ಮತ್ತು ತೇವದಲ್ಲಿ ಮೊದಲು ಅಂಟಾಗಿ, ಕೊನೆಗೆ ಕಂದು ಹುಡಿಯಾಗಿ ಉದುರಿಹೋಗುತ್ತದೆ.

ಇವೆಲ್ಲದರ ಫಲವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿತು. ಆ ದೇಶದಲ್ಲಿ ತಯಾರಾದ ಸುಮಾರು 11,000 ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ಶೇಕಡಾ 14 ಮಾತ್ರ. ಭಾರತದ ಸ್ಥಿತಿ ಇನ್ನೂ ಶೋಚನೀಯ. ಸಾವಿರಕ್ಕೂ ಮಿಕ್ಕಿ ತಯಾರಾದ ಮೂಕಿಗಳಲ್ಲಿ ಪೂರ್ಣವಾಗಿ ಉಳಿದವು ಬೆರಳೆಣಿಕೆಯಷ್ಟು.

ಇನ್ನೊಂದು ಚಿನ್ನದ ಊರು

ಹಾಗಾದರೆ ಉಳಿದವು ಉಳಿದುದಾದರೂ ಹೇಗೆ? ಉತ್ತರಕ್ಕಾಗಿ ಕೋಲಾರದಂತೆಯೇ ಚಿನ್ನದಿಂದ ಹುಟ್ಟಿ, ಚಿನ್ನ ತೀರಿದ ಮೇಲೆ ಬಡವಾದ ಇನ್ನೊಂದು ಊರಿಗೆ ಹೋಗಬೇಕು. ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿ, ಯೂಕಾನ್ ನದಿಯ ದಡದಲ್ಲಿ ಡಾಸನ್ ಎಂಬ ಊರಿದೆ. 1898ರ ಚಿನ್ನದ ಹುಚ್ಚಿನಲ್ಲಿ ಸಾವಿರಾರು ಜನ ಅಲ್ಲಿಗೆ ನುಗ್ಗಿದ್ದರು. ಅವರ ಮನರಂಜನೆಗಾಗಿ ಸಿನಿಮಾ ಬಂದಿತು. ಆದರೆ ಡಾಸನ್ ಚಿತ್ರವಿತರಣೆಯ ದಾರಿಯ ಕಟ್ಟಕಡೆಯ ಊರು. ಎಲ್ಲೆಡೆ ಓಡಿ ಸವೆದ ಪ್ರತಿ ಎರಡು ಮೂರು ವರ್ಷ ತಡವಾಗಿ ಅಲ್ಲಿಗೆ ತಲಪುತ್ತಿತ್ತು. ಅದನ್ನು ಹಿಂದಕ್ಕೆ ತರಿಸಿಕೊಳ್ಳುವ ಸಾಗಣೆಯ ವೆಚ್ಚವನ್ನು ತೆರಲು ಚಿತ್ರಸಂಸ್ಥೆಗಳು ಸಿದ್ಧವಿರಲಿಲ್ಲ. ಹೀಗಾಗಿ ಡಬ್ಬಗಳು ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪೇರಿಕೊಂಡುವು.

1929ರಲ್ಲಿ ಅವುಗಳನ್ನು ಇಟ್ಟುಕೊಳ್ಳಲು ಜಾಗವಿಲ್ಲದಾಯಿತು. ಕೆಲವನ್ನು ಸುಟ್ಟರು, ಕೆಲವನ್ನು ನದಿಗೆ ಎಸೆದರು. ಅದೇ ಸಮಯದಲ್ಲಿ ಊರಿನ ಹಳೆಯ ಈಜುಕೊಳವೊಂದನ್ನು ಮುಚ್ಚಿ ಅದರ ಮೇಲೆ ಹಿಮದಾಟದ ಅಂಗಳವನ್ನು ಸಮಗೊಳಿಸಬೇಕಾಗಿತ್ತು. ಕೊಳವನ್ನು ತುಂಬಲು ಮಣ್ಣಿನೊಡನೆ ಉಳಿದ ಫಿಲ್ಮಿನ ಸುರುಳಿಗಳನ್ನೂ ಹಾಕಿದರು. ಅಂಗಳದಲ್ಲಿ ಮಕ್ಕಳು ಆಡಿದರು, ಬೆಳೆದರು, ಮುದುಕರಾದರು. 1978ರಲ್ಲಿ ಹೊಸ ಕಟ್ಟಡಕ್ಕೆಂದು ಅಗೆಯುತ್ತಿದ್ದ ಯಂತ್ರದ ಬಾಯಿಗೆ ಫಿಲ್ಮಿನ ಸುರುಳಿಗಳು ಸಿಕ್ಕಿದುವು. ಒಟ್ಟು 533! ಆ ನಾಡಿನ ಸದಾ ಹೆಪ್ಪುಗಟ್ಟಿದ ನೆಲವೇ ಅವುಗಳನ್ನು ಅರ್ಧ ಶತಮಾನ ಕಾಪಾಡಿತ್ತು. ನೈಟ್ರೇಟ್ ಎಂಬ ಹೆಸರು ಕೇಳಿ ಸಾಮಾನ್ಯ ಸಾಗಣೆಯವರು ಹಿಂಜರಿದಾಗ ಸೈನ್ಯದ ವಿಮಾನದಲ್ಲಿ ಅವನ್ನು ಸಾಗಿಸಬೇಕಾಯಿತು. ಬೇರೆಲ್ಲಿಯೂ ಇಲ್ಲದ ಚಿತ್ರಗಳು, ಸಮಾಚಾರ ಚಿತ್ರಗಳು, ಧಾರಾವಾಹಿ ಚಿತ್ರಗಳ ಬಿಡಿ ಕಂತುಗಳು ಅದರಲ್ಲಿದ್ದುವು.

ಹಳೆಯ ಚಿತ್ರಗಳನ್ನು ಹುಡುಕುವವರಿಗೆ ಡಾಸನ್ ಕಲಿಸಿದ ಪಾಠ ಒಂದೇ. ಚಿತ್ರವನ್ನು ತಯಾರಿಸಿದ ಊರಿನಲ್ಲಿ ಅದನ್ನು ಹುಡುಕಿದರೆ ಸಾಲದು, ದಾರಿ ಮುಗಿಯುವ ಊರಿನಲ್ಲಿಯೂ ಹುಡುಕಬೇಕು.

ಅರ್ಧಕ್ಕೆ ನಿಂತ ರಹಸ್ಯ

ಬಾಡಿಗೆ ಪುಸ್ತಕದಂಗಡಿಯಿಂದ ಪತ್ತೇದಾರಿ ಕಾದಂಬರಿ ತಂದು ಓದಿದವರಿಗೆ ಒಂದು ಸಂಕಟ ಚೆನ್ನಾಗಿ ಗೊತ್ತು. ರಾತ್ರಿ ಹನ್ನೆರಡಕ್ಕೆ, ಕೊಲೆಗಾರನ ಹೆಸರು ಇನ್ನೇನು ಹೊರಬೀಳಬೇಕೆನ್ನುವಾಗ ಕೊನೆಯ ಎರಡು ಹಾಳೆಗಳು ಹರಿದುಹೋಗಿರುತ್ತವೆ! ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬೆನ್ನಟ್ಟಿದ ಕನ್ನಡ ಓದುಗರಲ್ಲಿ ಈ ಸಂಕಟ ಪಡದವರು ವಿರಳ. ರೋಮಾಂಚಕ ಚಿತ್ರಗಳ ಸಂಗ್ರಾಹಕನ ಬಾಳೆಲ್ಲ ಇದೇ ಸಂಕಟ. ರಹಸ್ಯ ಬಯಲಾದ ಮೇಲೆ ಇಂತಹ ಚಿತ್ರಕ್ಕೆ ಬೆಲೆಯಿಲ್ಲವೆಂದು ತಯಾರಕರು ಬಗೆಯುತ್ತಿದ್ದರು. ಆದ್ದರಿಂದ ಇವುಗಳನ್ನು ಜೋಪಾನ ಮಾಡಿದವರು ಕಡಿಮೆ.

ರಹಸ್ಯಚಿತ್ರಗಳ ಗುರುವೆಂದು ಹೆಸರಾದ ಆಲ್‌ಫ್ರೆಡ್ ಹಿಚ್‌ಕಾಕ್‌ನನ್ನೇ ನೋಡಬಹುದು. ಆತ ನಿರ್ದೇಶಿಸಿದ ಎರಡನೆಯ ಚಿತ್ರ ‘ದಿ ಮೌಂಟನ್ ಈಗಲ್’ (1926) ಇಂದಿಗೂ ಪತ್ತೆಯಿಲ್ಲ. ಅದಕ್ಕೂ ಮೊದಲು, 1924ರಲ್ಲಿ, ಆತ ಸಹಾಯಕನಾಗಿ ದುಡಿದ ‘ದಿ ವೈಟ್ ಶ್ಯಾಡೋ’ ಎಂಬ ಚಿತ್ರವೂ ಕಳೆದುಹೋಯಿತೆಂದೇ ಎಲ್ಲರೂ ನಂಬಿದ್ದರು. 2011ರಲ್ಲಿ ಅದರ ಮೂರು ರೀಲುಗಳು ಪತ್ತೆಯಾದುವು. ಸಿಕ್ಕಿದ್ದು ಲಂಡನ್ನಿನಲ್ಲಲ್ಲ, ಭೂಗೋಳದ ಇನ್ನೊಂದು ತುದಿಯಾದ ನ್ಯೂಜಿಲೆಂಡಿನಲ್ಲಿ. ಚಿತ್ರಯಂತ್ರವನ್ನು ನಡೆಸುತ್ತಿದ್ದ ಜಾಕ್ ಮುರ್ಟಾ ಎಂಬ ಚಿತ್ರಪ್ರೇಮಿ ಕೂಡಿಟ್ಟಿದ್ದ ಡಬ್ಬಗಳನ್ನು ಅವರ ಮೊಮ್ಮಗ ಅಲ್ಲಿನ ಚಿತ್ರಭಂಡಾರಕ್ಕೆ ಒಪ್ಪಿಸಿದ್ದ. ಆದರೆ ಚಿತ್ರದಲ್ಲಿದ್ದುದು ಆರು ರೀಲು. ಸಿಕ್ಕಿದ್ದು ಮೊದಲ ಮೂರು ಮಾತ್ರ. ಕತೆ ಗಂಟು ಬೀಳುವ ಹೊತ್ತಿಗೆ ತೆರೆ ಬರಿದಾಗುತ್ತದೆ. ಹರಿದ ಹಾಳೆಯ ಸಂಕಟಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

ಎಲ್ಲ ಕತೆಗಳೂ ಹೀಗೆ ಅರ್ಧಕ್ಕೆ ನಿಲ್ಲುವುದಿಲ್ಲ. ಕೆವಿನ್ ಬ್ರೌನ್‌ಲೋ ಎಂಬ ಆಂಗ್ಲ ಹುಡುಗ ಶಾಲೆಯಲ್ಲಿ ಓದುತ್ತಿದ್ದಾಗಲೇ ಮನೆಯಲ್ಲಿ ತೋರಿಸುವ ಒಂಬತ್ತೂವರೆ ಮಿಲಿಮೀಟರಿನ ಪುಟ್ಟ ಫಿಲ್ಮುಗಳನ್ನು ಕೂಡಿಹಾಕುವ ಹವ್ಯಾಸ ಬೆಳೆಸಿಕೊಂಡಿದ್ದ. ಆತನ ಕೈಗೆ ಫ್ರೆಂಚ್ ನಿರ್ದೇಶಕ ಆಬೆಲ್ ಗಾನ್ಸ್‌ನ ‘ನೆಪೋಲಿಯನ್’ (1927) ಎಂಬ ಮೂಕಿಯ ತುಣುಕುಗಳು ಬಂದುವು. ಅವನ್ನು ನೋಡಿ ಮರುಳಾದ ಹುಡುಗ ದಶಕಗಳ ಕಾಲ ಚೂರು ಚೂರಾಗಿ ಉಳಿದುದನ್ನು ಹುಡುಕಿ ಹೊಲಿದು, 1980ರಲ್ಲಿ ಲಂಡನ್ನಿನಲ್ಲಿ ವಾದ್ಯವೃಂದದೊಡನೆ ಆ ಮಹಾಚಿತ್ರವನ್ನು ಮತ್ತೆ ಜನರ ಮುಂದಿಟ್ಟ. ಹುಡುಗಾಟಿಕೆಯೆಂದು ಹಿರಿಯರು ಗದರಿಸಬಹುದಾದ ಹವ್ಯಾಸ ಒಂದು ಕಲಾಕೃತಿಯನ್ನೇ ಬದುಕಿಸಿತು.

ಮೂಕಿಯಿಂದ ಟಾಕಿಗೆ

ಮೂಕಿ ಚಿತ್ರಕ್ಕೆ ಭಾಷೆಯ ಗಡಿ ಇರಲಿಲ್ಲ. ನಡುನಡುವೆ ಬರುವ ಬರಹದ ಪಟ್ಟಿಗಳನ್ನು ಬದಲಾಯಿಸಿದರೆ ಬರ್ಲಿನ್ನಿನ ಚಿತ್ರ ಬೊಂಬಾಯಿಯದಾಗುತ್ತಿತ್ತು. ಓದು ಬಾರದವರಿಗೆ ಪಟ್ಟಿಯನ್ನು ಗಟ್ಟಿಯಾಗಿ ಓದಿ ವಿವರಿಸುವವರೂ ಹಲವು ಊರುಗಳಲ್ಲಿ ಇರುತ್ತಿದ್ದರು. ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಬರುವ ಕೋಲಾರದ ಗಣಿಯಂತಹ ಊರಿಗೆ ಇದಕ್ಕಿಂತ ಒಪ್ಪುವ ಕಲೆ ಇನ್ನಾವುದಿದ್ದೀತು? ಶಿವನಸಮುದ್ರದಿಂದ 147 ಕಿಲೋಮೀಟರು ದೂರ ತಂತಿಯೆಳೆದು 1902ರಲ್ಲಿಯೇ ಗಣಿಗಳಿಗೆ ವಿದ್ಯುತ್ತು ತಂದಿದ್ದರು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡುದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ.

ಬಳಿಕ ಧ್ವನಿ ಬಂದಿತು. ಹಿಚ್‌ಕಾಕ್ 1929ರಲ್ಲಿ ‘ಬ್ಲ್ಯಾಕ್‌ಮೇಲ್’ ಎಂಬ ಕೊಲೆಯ ಕತೆಯನ್ನು ಮೂಕಿಯಾಗಿಯೂ ಟಾಕಿಯಾಗಿಯೂ ಎರಡು ರೂಪದಲ್ಲಿ ಹೊರತಂದ. ಧ್ವನಿಯಂತ್ರ ಇಲ್ಲದ ಚಿತ್ರಗೃಹಗಳು ಆಗಿನ್ನೂ ಹೆಚ್ಚಾಗಿದ್ದುದೇ ಇದಕ್ಕೆ ಕಾರಣ. ಎರಡೂ ಉಳಿದಿವೆ. ಎರಡನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡುವುದು ಸಂಗ್ರಾಹಕರಿಗೆ ಹಬ್ಬದೂಟ. ಭಾರತದ ಮೊದಲ ಟಾಕಿಯಾದ ‘ಆಲಂ ಆರಾ’ 1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್ ಚಿತ್ರಗೃಹದಲ್ಲಿ ತೆರೆ ಕಂಡಿತು. ಅದರ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ.

ಕನ್ನಡದ ಕತೆಯೂ ಬೇರೆಯಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಗೃಹದಲ್ಲಿ ‘ಸತಿ ಸುಲೋಚನ’ ಬಿಡುಗಡೆಯಾಯಿತು. ಚಮನ್‌ಲಾಲ್ ಡೂಂಗಾಜಿಯವರು ಹಣ ಹೂಡಿದ್ದರು. ವೈ.ವಿ. ರಾಯರು ನಿರ್ದೇಶಿಸಿದ್ದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಲೇಖನಿಯಿಂದ ಸಾಹಿತ್ಯ ಬಂದಿತ್ತು. ಆರ್. ನಾಗೇಂದ್ರರಾಯರು ರಾವಣನಾಗಿ, ಎಂ.ವಿ. ಸುಬ್ಬಯ್ಯನಾಯಿಡು ಇಂದ್ರಜಿತ್ತಾಗಿ, ತ್ರಿಪುರಾಂಬ ಸುಲೋಚನೆಯಾಗಿ ಕಾಣಿಸಿಕೊಂಡರು. ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ. ತೆರೆಯ ಮೇಲಿನ ನಟರು ಕನ್ನಡದಲ್ಲಿ ಮಾತನಾಡುವುದನ್ನು ನಾಡಿನ ಜನ ಮೊದಲ ಸಲ ಕೇಳಿದ್ದು ಅಂದೇ. ಆ ಧ್ವನಿ ಇಂದು ಇಲ್ಲ. ಚಿತ್ರದ ಪ್ರತಿ ಎಲ್ಲಿಯೂ ದೊರೆತಿಲ್ಲ. ಹೆಸರುಗಳು ಉಳಿದಿವೆ, ದಿನಾಂಕ ಉಳಿದಿದೆ. ಮಾತು ಮಾತ್ರ ಕಳೆದಿದೆ. ತನ್ನ ಮೊದಲ ತೊದಲನ್ನೇ ಕೇಳಲಾರದ ಸ್ಥಿತಿ ಒಂದು ಭಾಷೆಯ ಸಿನಿಮಾಕ್ಕೆ ಸಣ್ಣ ನಷ್ಟವಲ್ಲ.

ಹಾಡಿಲ್ಲದ ಚಿತ್ರ

ಕುತೂಹಲವನ್ನೇ ಉಸಿರಾಗಿಸಿಕೊಂಡ ಚಿತ್ರ ದಕ್ಷಿಣದಲ್ಲಿ ತಡವಾಗಿ ಬಂದಿತು. 1954ರಲ್ಲಿ ವೀಣೆಯ ವಿದ್ವಾಂಸರೂ ಆಗಿದ್ದ ಎಸ್. ಬಾಲಚಂದರ್ ನಿರ್ದೇಶಿಸಿದ ‘ಅಂದ ನಾಳ್’ ಎಂಬ ತಮಿಳು ಚಿತ್ರದಲ್ಲಿ ಒಂದು ಹಾಡೂ ಇರಲಿಲ್ಲ, ಒಂದು ನೃತ್ಯವೂ ಇರಲಿಲ್ಲ. ಮದರಾಸಿನ ಮೇಲೆ ಜಪಾನೀಯರ ಬಾಂಬು ಬಿದ್ದ 1943ರ ದಿನಗಳಲ್ಲಿ ರೇಡಿಯೋ ಎಂಜಿನಿಯರನೊಬ್ಬನ ಕೊಲೆಯಾಗುತ್ತದೆ. ಶಂಕೆಗೆ ಒಳಗಾದ ಒಬ್ಬೊಬ್ಬರೂ ಒಂದೊಂದು ಕತೆ ಹೇಳುತ್ತಾರೆ. ಸತ್ತವನಾಗಿ ಶಿವಾಜಿ ಗಣೇಶನ್ ನಟಿಸಿದ್ದಾರೆ. ಆತನ ಪತ್ನಿಯ ಪಾತ್ರ ನಮ್ಮ ಪಂಢರಿಬಾಯಿಯವರದು! ಅದೇ 1954ರಲ್ಲಿ ಅವರು ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರರ ಎದುರು ನಾಯಕಿಯಾಗಿದ್ದರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಕೊಲೆಗಾರರು ಯಾರೆಂಬುದನ್ನು ಇಲ್ಲಿ ಹೇಳುವುದು ಸರಿಯಲ್ಲ. ಈ ಚಿತ್ರ ಅದೃಷ್ಟವಶಾತ್ ಉಳಿದಿದೆ, ನೋಡಿಯೇ ತಿಳಿಯಬಹುದು.

ಕನ್ನಡದಲ್ಲಿ 1968ರ ‘ಜೇಡರ ಬಲೆ’ಯಿಂದ ಸಿ.ಐ.ಡಿ. 999ರ ಸಾಹಸಗಳು ಮೊದಲಾದುವು. 1978ರ ‘ಅಪರಿಚಿತ’ದಲ್ಲಿ ಕಾಶೀನಾಥರೂ, 1989ರ ‘ತರ್ಕ’ದಲ್ಲಿ ಸುನೀಲ್‌ಕುಮಾರ್ ದೇಸಾಯಿಯವರೂ ಈ ಬಗೆಯ ಚಿತ್ರಕ್ಕೆ ಹೊಸ ಬಿಗಿ ತಂದರು. ಇಂತಹ ಚಿತ್ರಗಳನ್ನು ಸಂಗ್ರಹಿಸುವವರು ಡಬ್ಬದ ಫಿಲ್ಮಿನಿಂದ ವಿಡಿಯೋ ಕ್ಯಾಸೆಟ್ಟಿಗೆ, ಅಲ್ಲಿಂದ ತಟ್ಟೆಗೆ, ಈಗ ಕಂಪ್ಯೂಟರಿನ ಕಡತಕ್ಕೆ ಬಂದು ನಿಂತಿದ್ದಾರೆ. ಸಾಧನ ಬದಲಾದರೂ ಚಿಂತೆ ಬದಲಾಗಿಲ್ಲ. ಇದು ಪೂರ್ಣ ಪ್ರತಿಯೋ, ಕತ್ತರಿ ಬಿದ್ದದ್ದೋ? ಮೂಕಿಯಾದರೆ ಸರಿಯಾದ ವೇಗದಲ್ಲಿ ಓಡುತ್ತಿದೆಯೋ? ಹಿಂದೆ ಸೆಕೆಂಡಿಗೆ ಹದಿನಾರು ಹದಿನೆಂಟು ಚೌಕಟ್ಟಿನಂತೆ ತೆಗೆದ ಚಿತ್ರವನ್ನು ಟಾಕಿಯ ಇಪ್ಪತ್ತನಾಲ್ಕರ ವೇಗದಲ್ಲಿ ಓಡಿಸಿದರೆ ಗಂಭೀರ ನಟನೂ ಕೋಡಂಗಿಯಂತೆ ಕುಪ್ಪಳಿಸುತ್ತಾನೆ. ಮೂಕಿಯ ನಟರೆಲ್ಲ ಹಾಸ್ಯಾಸ್ಪದವಾಗಿ ನಡೆಯುತ್ತಿದ್ದರೆಂಬ ನಂಬಿಕೆ ಹುಟ್ಟಿದುದು ಬಹುಪಾಲು ಈ ತಪ್ಪಿನಿಂದಲೇ.

ಪುಣೆಯ ಭಂಡಾರ, ಹೆಗ್ಗೋಡಿನ ಪ್ರೇಕ್ಷಕರು

ಭಾರತದಲ್ಲಿ ಈ ಕೆಲಸಕ್ಕೆ ಬಾಳನ್ನೇ ತೆತ್ತವರು ಪಿ.ಕೆ. ನಾಯರ್. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಅವರು ಬರಿಗೈಯಿಂದ ಕಟ್ಟಿದರು. 1991ರಲ್ಲಿ ನಿವೃತ್ತರಾಗುವ ವೇಳೆಗೆ ಅಲ್ಲಿ ಸುಮಾರು 12,000 ಚಿತ್ರಗಳಿದ್ದುವು. ಅವು ಬಂದ ಕಡೆಗಳು ಒಂದಕ್ಕಿಂತ ಒಂದು ವಿಚಿತ್ರ. 1933ರ ‘ಮಾರ್ತಾಂಡ ವರ್ಮ’ ಎಂಬ ಮೂಕಿ ಚಿತ್ರ ದೊರೆತುದು ತಿರುವನಂತಪುರದ ಒಂದು ಪುಸ್ತಕದ ಮಳಿಗೆಯಲ್ಲಿ! ಕಾದಂಬರಿಯ ಹಕ್ಕಿನ ಬಗ್ಗೆ ವ್ಯಾಜ್ಯವಾಗಿ, ಚಿತ್ರವನ್ನು ಜಪ್ತಿ ಮಾಡಿ, ಕಾದಂಬರಿಯ ಪ್ರಕಾಶಕರ ವಶಕ್ಕೆ ಬಂದಿದ್ದ ಡಬ್ಬಗಳು ಅಲ್ಲಿಯೇ ಕುಳಿತಿದ್ದುವು. 1974ರಲ್ಲಿ ಭಂಡಾರ ಅದನ್ನು ಪಡೆದುಕೊಂಡಿತು. ಯಶಸ್ವಿಯಾಗಿ ಊರೂರು ಸುತ್ತಿದ್ದರೆ ಸವೆದು ಹಾಳಾಗುತ್ತಿದ್ದ ಚಿತ್ರ ಸೋತುದರಿಂದಲೇ ಬದುಕಿತು.

ನಾಯರ್ ಕೂಡಿಟ್ಟುದನ್ನು ಬೀಗ ಹಾಕಿ ಇಡಲಿಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಮೂಲಕ ಹಳ್ಳಿಯ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಲು ಹೊರಟಾಗ ಪುಣೆಯ ಭಂಡಾರದಿಂದ ರೀಲುಗಳು ಮಲೆನಾಡಿಗೆ ಬಂದುವು. ಒಂದು ಕೊಲೆಯನ್ನು ನಾಲ್ಕು ಬಗೆಯಾಗಿ ಹೇಳುವ ಕುರೊಸಾವನ ‘ರಾಶೊಮೊನ್’ ಚಿತ್ರವನ್ನು ಅಡಿಕೆ ತೋಟದವರು ನೋಡಿ ಚರ್ಚಿಸಿದರು. ಕೂಡಿಟ್ಟ ವಸ್ತು ನಾಲ್ಕು ಜನರ ಕಣ್ಣಿಗೆ ಬಿದ್ದಾಗಲೇ ಸಂಗ್ರಹ ಸಾರ್ಥಕವೆಂಬುದಕ್ಕೆ ಇದು ನಿದರ್ಶನ.

ಒಂದೇ ಕಡೆ ಎಲ್ಲವನ್ನೂ ಇಡುವುದರ ಅಪಾಯವೂ ಕಂಡುಬಂದಿದೆ. 2003ರ ಜನವರಿಯಲ್ಲಿ ಪುಣೆಯ ಚಿತ್ರಸಂಸ್ಥೆಯ ಆವರಣದ ಕೋಠಿಯೊಂದಕ್ಕೆ ಬೆಂಕಿ ತಗುಲಿ ಸಾವಿರಾರು ನೈಟ್ರೇಟ್ ಸುರುಳಿಗಳು ಬೂದಿಯಾದುವು. ನಾಯರ್ 2016ರಲ್ಲಿ ತೀರಿಕೊಂಡರು. 2022ರಲ್ಲಿ ಭಂಡಾರವನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಡನೆ ವಿಲೀನಗೊಳಿಸುವ ಆದೇಶ ಹೊರಬಿದ್ದಿತು.

ಅಟ್ಟದ ಮೇಲಿನ ಡಬ್ಬ

ಇದರಲ್ಲಿ ಸಾಮಾನ್ಯ ಗೃಹಸ್ಥರ ಪಾಲೇನು? ಬಹಳವೇ ಇದೆ. ಹಳೆಯ ಚಿತ್ರಗಳಿಗೆ ಹಾಡಿನ ಪುಸ್ತಕಗಳನ್ನು ಅಚ್ಚು ಹಾಕಿಸಿ ಚಿತ್ರಗೃಹದ ಬಾಗಿಲಲ್ಲಿ ಮಾರುತ್ತಿದ್ದರು. ನಟರ ಹೆಸರು, ಕತೆಯ ಸಾರಾಂಶ, ಹಾಡಿನ ಸಾಲು ಎಲ್ಲವೂ ಅದರಲ್ಲಿರುತ್ತಿತ್ತು. ಚಿತ್ರವೇ ಕಳೆದುಹೋದಾಗ ಸಂಶೋಧಕರಿಗೆ ಆ ನಾಲ್ಕು ಹಾಳೆಗಳೇ ದಾರಿದೀಪ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಅಂತಹ ಪುಸ್ತಕ, ಭಿತ್ತಿಪತ್ರ, ಸ್ಥಿರಚಿತ್ರಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಬೇಕು.

ಫಿಲ್ಮಿನ ಡಬ್ಬವೇ ಸಿಕ್ಕಿದರೆ ಕೆಲವು ಎಚ್ಚರಿಕೆಗಳು ಅವಶ್ಯ. ಮೂವತ್ತೈದು ಮಿಲಿಮೀಟರಿನ, 1950ಕ್ಕೂ ಹಿಂದಿನ ಸುರುಳಿಯಾದರೆ ಅದು ನೈಟ್ರೇಟ್ ಇರಬಹುದು. ದೀಪ, ಒಲೆ, ಬಿಸಿಲುಗಳಿಂದ ದೂರವಿಡಬೇಕು. ಯಂತ್ರಕ್ಕೆ ಹಾಕಿ ಓಡಿಸುವ ಸಾಹಸ ಸಲ್ಲದು. ಅಂತಹ ಸುರುಳಿಯನ್ನು ಮನೆಯಲ್ಲಿಟ್ಟುಕೊಳ್ಳದೆ ಬೇಗನೆ ಪುಣೆಯ ಭಂಡಾರದವರಿಗೆ ತಿಳಿಸುವುದು ಲೇಸು. ಅನಂತರದ ಅಸಿಟೇಟ್ ಫಿಲ್ಮು ಹೊತ್ತಿ ಉರಿಯುವುದಿಲ್ಲ, ಆದರೆ ಕೆಡಲು ತೊಡಗಿದಾಗ ವಿನಿಗರಿನ ಹುಳಿವಾಸನೆ ಬೀರುತ್ತದೆ. ವಾಸನೆ ಬಂದ ಸುರುಳಿಯನ್ನು ಇತರವುಗಳಿಂದ ಬೇರೆಯಿಟ್ಟು, ತಂಪಾದ ಒಣ ಜಾಗದಲ್ಲಿ ಗಾಳಿಯಾಡುವಂತೆ ಇರಿಸಬೇಕು. ಹಕ್ಕಿನ ಭಯವೂ ಬೇಡ. ಭಾರತದ ಕಾನೂನಿನಲ್ಲಿ ಚಿತ್ರ ಪ್ರಕಟವಾದ ಮರುವರ್ಷದಿಂದ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ‘ಸತಿ ಸುಲೋಚನ’ದಂತಹ ಚಿತ್ರಗಳ ವಿಷಯದಲ್ಲಿ ಅದು ಮುಗಿದು ಬಹುಕಾಲವಾಗಿದೆ.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಅಲ್ಲಿನ ಸಾವಿರಾರು ಜನ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಸೈನೈಡ್ ದಿಬ್ಬಗಳು ಬರಿಯ ಕಸವೆಂದು ಎಲ್ಲರೂ ತಿಳಿದಿದ್ದರು. ಆದರೆ ಆ ಕಸದಲ್ಲಿಯೂ ಇನ್ನೂ ಚಿನ್ನ ಉಳಿದಿದೆಯೆಂದು ಪರೀಕ್ಷೆಗಳು ತೋರಿಸಿದುವು. 2024ರ ಜೂನ್ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟ ಅಂತಹ 13 ದಿಬ್ಬಗಳನ್ನು ಮತ್ತೆ ಸೋಸುವ ಯೋಜನೆಗೆ ಒಪ್ಪಿಗೆ ನೀಡಿತು.

ನೂರು ವರ್ಷ ಕಸವೆಂದು ಕಂಡುದರಲ್ಲಿ ಚಿನ್ನ ಸಿಕ್ಕುವುದಾದರೆ, ಯಾವುದೋ ಊರಿನ, ಯಾವುದೋ ಮನೆಯ ಅಟ್ಟದ ಮೇಲೆ ತುಕ್ಕು ಹಿಡಿದ ಡಬ್ಬದೊಳಗೆ ತ್ರಿಪುರಾಂಬ ಇನ್ನೂ ಸುಲೋಚನೆಯಾಗಿ ನಿಂತಿರಲಾರಳೆಂದು ಹೇಳುವವರು ಯಾರು? ಡಾಸನ್ನಿನ ಮಕ್ಕಳು ತಮ್ಮ ಕಾಲಡಿಯಲ್ಲಿ ಏನಿದೆಯೆಂದು ತಿಳಿಯದೆ ಐವತ್ತು ವರ್ಷ ಆಡಿದರು. ಹಳೆಯ ಮನೆಯನ್ನು ಕೆಡವುವ ಮುನ್ನ, ಅಟ್ಟವನ್ನು ಖಾಲಿ ಮಾಡುವ ಮುನ್ನ, ಆ ಡಬ್ಬದ ಮುಚ್ಚಳದ ಮೇಲೆ ಏನು ಬರೆದಿದೆಯೆಂದು ಓದಿ ನೋಡಲು ಒಂದು ನಿಮಿಷ ಸಾಕು.